ಉಕ್ಕಿದ್ದು ನದಿಯಾ, ಊರಾ?

ಮುಂಬೈನಲ್ಲಿ ಜೋರು ಮಳೆ ಅಂದ್ರೆ ಸಾಕು, ನಮ್ಮ ನ್ಯೂಸ್ ರೂಮಿನಲ್ಲಿ ಒಂದು ಸಾಲು ಸಿದ್ಧವಾಗಿರುತ್ತೆ: 'ಉಕ್ಕಿ ಹರಿದ ಮಿಠಿ ನದಿ'. ನಾನೂ ಎಷ್ಟೋ ಸಲ ಓದಿದ್ದೀನಿ. ಇವತ್ತು ಆ ಸಾಲನ್ನೇ ಪ್ರಶ್ನೆ ಮಾಡೋಣ. ನದಿ ಊರಿಗೆ ನುಗ್ಗಿತಾ, ಇಲ್ಲ ಊರೇ ನದಿಗೆ ನುಗ್ಗಿತ್ತಾ?

ಮಿಠಿಯ ಉದ್ದ ಸುಮಾರು 18 ಕಿಲೋಮೀಟರ್. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರು ಸಾಕಿನಾಕಾ, ಕುರ್ಲಾ, ಧಾರಾವಿ ದಾಟಿ ಮಾಹಿಮ್‌ನಲ್ಲಿ ಸಮುದ್ರ ಸೇರುತ್ತೆ. ಅಷ್ಟೇ. ಆದರೆ ಈ ಪುಟ್ಟ ನದಿಯ ಅಳಿವೆ ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಗಡಿ! ದಕ್ಷಿಣಕ್ಕೆ ಮಾಹಿಮ್ ಕೋಟೆಯಲ್ಲಿ ಇಂಗ್ಲಿಷರು; ಉತ್ತರಕ್ಕೆ ಬಾಂದ್ರಾ ಕೋಟೆಯಲ್ಲಿ ಪೋರ್ಚುಗೀಸರು. 1739ರಲ್ಲಿ ಮರಾಠರು ಬಂದು ಪೋರ್ಚುಗೀಸರನ್ನು ಎಬ್ಬಿಸಿದರು. ಆಮೇಲೆ 1845ರಲ್ಲಿ ಅಲ್ಲಿ ಮಾಹಿಮ್ ಸೇತುಮಾರ್ಗ ಎದ್ದಿತು. ಅದಕ್ಕೆ 1,57,000 ರೂಪಾಯಿ ಕೊಟ್ಟವರು ಲೇಡಿ ಜಮ್ಶೆಡ್ಜಿ. ಅವರ ಷರತ್ತು ಒಂದೇ, ಜನರಿಂದ ಸುಂಕ ವಸೂಲಿ ಮಾಡಬಾರದು.

1860ರಲ್ಲಿ ಇದೇ ನದಿಯ ಮೇಲ್ಭಾಗಕ್ಕೆ ಅಡ್ಡಕಟ್ಟೆ ಹಾಕಿ ವಿಹಾರ್ ಕೆರೆ ಮಾಡಿದರು. ಮುಂಬೈಗೆ ಮೊದಲ ಕೊಳಾಯಿ ನೀರು ಬಂದಿದ್ದು ಅಲ್ಲಿಂದ. ಅಂದ್ರೆ, ನಗರ ಬೆಳೆದಿದ್ದೇ ಈ ನದಿಯ ನೀರು ಕುಡಿದು.

ಋಣ ತೀರಿಸಿದ್ದು ಹೇಗೆ ಗೊತ್ತಾ? ವಿಮಾನ ನಿಲ್ದಾಣದ ರನ್‌ವೇಗಾಗಿ ನದಿಯನ್ನೇ ತಿರುಗಿಸಿದರು. ದಂಡೆಯ ಜವುಗು ನೆಲಕ್ಕೆ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಟ್ಟಿದರು. ಚರಂಡಿ ನೀರು, ಕಾರ್ಖಾನೆಗಳ ಕೊಳಕು, ತಬೇಲಾಗಳ ಸಗಣಿ, ಪ್ಲಾಸ್ಟಿಕ್, ಎಲ್ಲವನ್ನೂ ಅದಕ್ಕೇ ಸುರಿದರು.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಎದುರಿಗೆ ಸಮುದ್ರದ ಭರತ. ನೀರು ಹರಿಯೋದಾದ್ರೂ ಎಲ್ಲಿಗೆ? ನೂರಾರು ಜನ ಸತ್ತರು. ಅದೇ ವರ್ಷ ಮಿಠಿಗೊಂದು ಅಭಿವೃದ್ಧಿ ಪ್ರಾಧಿಕಾರ ಬಂತು. ಇಪ್ಪತ್ತು ವರ್ಷ ಆದಮೇಲೆ, 2025ರಲ್ಲಿ, ಹೂಳೆತ್ತುವ ಗುತ್ತಿಗೆಯಲ್ಲೇ ಸುಮಾರು 65 ಕೋಟಿ ರೂಪಾಯಿ ವಂಚನೆ ಆಗಿದೆ ಅಂತ ಮುಂಬೈ ಪೊಲೀಸರು ಕೇಸ್ ದಾಖಲಿಸಿದರು. ಆರೋಪ ಸಾಬೀತಾಗೋದು ಕೋರ್ಟಿನಲ್ಲಿ. ಆದರೆ ಹೂಳಂತೂ ಕಣ್ಣಿಗೆ ಕಾಣ್ತಾನೇ ಇದೆ.

ಹಿಂದಿಯಲ್ಲಿ ಮಿಠಿ ಅಂದ್ರೆ ಸಿಹಿ. ಮರಾಠಿಯಲ್ಲಿ ಅಪ್ಪುಗೆ. ನಾವು ಅಪ್ಪಿಕೊಳ್ಳಲಿಲ್ಲ ಸ್ವಾಮಿ, ಕತ್ತು ಹಿಸುಕಿದ್ವಿ. ಮುಂದಿನ ಮಳೆಗಾಲದಲ್ಲಿ ಆ ಸಾಲು ಮತ್ತೆ ನನ್ನ ಮುಂದೆ ಬರುತ್ತೆ. ಈ ಸಲ 'ಉಕ್ಕಿ ಹರಿದ ನದಿ' ಅಂತ ಓದಲ್ಲ. 'ಜಾಗ ಸಿಗದ ನದಿ' ಅಂತ ಓದ್ತೀನಿ.