ಅಂತರ್ಧರ್ಮೀಯ ದಾಂಪತ್ಯ: ವಿಚ್ಛೇದನಕ್ಕೆ ಯಾವ ಕಾನೂನು?

ಪತಿ-ಪತ್ನಿ ಭಿನ್ನ ಧರ್ಮದವರಾಗಿದ್ದಾಗ ವಿಚ್ಛೇದನ ಯಾವ ಕಾನೂನಿನಡಿ ಎಂಬ ಪ್ರಶ್ನೆ ಸಹಜ. ಅದನ್ನು ಮುಖ್ಯವಾಗಿ ನಿರ್ಧರಿಸುವುದು ವಿವಾಹ ನಡೆದ ವಿಧಾನ. ಧರ್ಮ ಬದಲಿಸದೆ ಮದುವೆಯಾಗುವವರಿಗಾಗಿ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಇದರಡಿ ನಡೆದ ವಿವಾಹವನ್ನು ನ್ಯಾಯಾಲಯವಷ್ಟೇ ವಿಸರ್ಜಿಸಬಲ್ಲದು. ತಲಾಖ್ ಹೇಳಿದರಾಗಲಿ, ಪಂಚಾಯಿತಿಯಲ್ಲಿ ಪತ್ರ ಬರೆದುಕೊಂಡರಾಗಲಿ ಸಂಬಂಧ ಕಡಿಯದು.

ಈ ಕಾಯ್ದೆಯ 27ನೇ ಕಲಮು ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ ಮುಂತಾದ ಕಾರಣಗಳನ್ನು ಪಟ್ಟಿ ಮಾಡಿದೆ. ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ 28ನೇ ಕಲಮು ಅವಕಾಶ ನೀಡುತ್ತದೆ. ದಂಪತಿ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು. ವಿವಾಹವಾದ ಮೊದಲ ವರ್ಷದೊಳಗೆ ಸಾಮಾನ್ಯವಾಗಿ ವಿಚ್ಛೇದನದ ಅರ್ಜಿ ಸಲ್ಲಿಸುವಂತಿಲ್ಲ. ಅಸಾಧಾರಣ ಸಂಕಷ್ಟವಿದ್ದರೆ ನ್ಯಾಯಾಲಯ ವಿನಾಯಿತಿ ನೀಡಬಹುದು. ಪತ್ನಿ ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲೇ ಅರ್ಜಿ ಸಲ್ಲಿಸಬಹುದು, ಜೀವನಾಂಶವನ್ನೂ ಕೋರಬಹುದು.

ಮತಾಂತರದ ವಿಷಯದಲ್ಲಿ ಕಾನೂನುಗಳು ಭಿನ್ನ. ಹಿಂದೂ ವಿವಾಹ ಕಾಯ್ದೆಯಡಿ ಸಂಗಾತಿ ಅನ್ಯ ಧರ್ಮಕ್ಕೆ ಸೇರಿದರೆ ಇನ್ನೊಬ್ಬರು ವಿಚ್ಛೇದನ ಕೋರಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಮತಾಂತರ ಕಾರಣವಲ್ಲ. ಹಿಂದೂ ಪತಿ ಇಸ್ಲಾಂಗೆ ಮತಾಂತರಗೊಂಡ ಮಾತ್ರಕ್ಕೆ ಮೊದಲ ವಿವಾಹ ರದ್ದಾಗದು, ಆತನ ಎರಡನೇ ವಿವಾಹ ಅಸಿಂಧು ಎಂದು ಸುಪ್ರೀಂ ಕೋರ್ಟ್ 1995ರ ಸರಳಾ ಮುದ್ಗಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕ್ರೈಸ್ತರು ಅನ್ಯ ಧರ್ಮೀಯರನ್ನು 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ವರಿಸಿದ್ದರೆ, 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ದಂಪತಿಯಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಸಾಕು.

ನಿಜವಾದ ತೊಡಕು ಎದುರಾಗುವುದು ತಪ್ಪು ಕಾಯ್ದೆಯಡಿ ಮದುವೆಯಾದವರಿಗೆ. ದೇವಾಲಯದಲ್ಲಿ ತಾಳಿ ಕಟ್ಟಿ, ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದ್ದ ಕ್ರೈಸ್ತ ಯುವಕ ಹಾಗೂ ಹಿಂದೂ ಯುವತಿಯ ವಿವಾಹ ಅಸಿಂಧು ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ಆ ಕಾಯ್ದೆಯಡಿ ವಧೂವರರಿಬ್ಬರೂ ಹಿಂದೂಗಳಾಗಿರಬೇಕು ಎಂಬುದೇ ಇದಕ್ಕೆ ಆಧಾರ. ವಿವಾಹವೇ ಅಸಿಂಧುವಾದಾಗ ವಿಚ್ಛೇದನದ ಪ್ರಶ್ನೆ ಉದ್ಭವಿಸದು. ವರ್ಷಗಟ್ಟಲೆ ಸಂಸಾರ ನಡೆಸಿದ ಮಹಿಳೆ ತಾನು ಪತ್ನಿಯೆಂದು ಸಾಬೀತುಪಡಿಸಲು ಹೆಣಗಬೇಕಾಗುತ್ತದೆ.

ಇದಕ್ಕೆ ಪರಿಹಾರವೂ ಇದೆ. ಬೇರೆ ವಿಧಿಯಲ್ಲಿ ಮದುವೆಯಾಗಿ ಒಟ್ಟಿಗೆ ಬಾಳುತ್ತಿರುವ ದಂಪತಿ, ಷರತ್ತುಗಳು ಈಡೇರಿದಲ್ಲಿ, ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಿಕೊಳ್ಳಬಹುದು. ಅರ್ಜಿಯ ಬಳಿಕ ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶವಿರುತ್ತದೆ. ಆದ್ದರಿಂದ ವಿವಾಹ ಪ್ರಮಾಣಪತ್ರದಲ್ಲಿ ಯಾವ ಕಾಯ್ದೆಯ ಹೆಸರಿದೆ ಎಂಬುದನ್ನು ದಂಪತಿ ಮೊದಲೇ ಪರಿಶೀಲಿಸಿಕೊಳ್ಳುವುದು ಒಳಿತು.