ಸಂಘದ ಮಾನ: ಮುಸಂಗಿಯ ಜಂಬದಿಂದ ಮಾನನಷ್ಟ ಮೊಕದ್ದಮೆಯವರೆಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆಗೆ ರಾಜರು ಕಾದಾಡಿದ್ದು ಎಲ್ಲರಿಗೂ ಗೊತ್ತು. ಕತ್ತಿಯ ಕಾಳಗ ಮುಗಿದ ಮೇಲೆ ಅವರು ಮಾತಿನ ಕಾಳಗವನ್ನೂ ನಡೆಸಿದರು. ಅದಕ್ಕೆ ಒಳ್ಳೆಯ ಉದಾಹರಣೆ ಮುಸಂಗಿಯ ಯುದ್ಧ. ಈ ಮುಸಂಗಿಯೇ ಇಂದಿನ ಮಸ್ಕಿ ಎಂದು ಬಹಳಷ್ಟು ಇತಿಹಾಸಕಾರರು ಗುರುತಿಸಿದ್ದಾರೆ. ಸುಮಾರು 1021ರಲ್ಲಿ ಇಲ್ಲಿ ಚೋಳ ರಾಜೇಂದ್ರನಿಗೂ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನಿಗೂ ಯುದ್ಧವಾಯಿತು. ಜಯಸಿಂಹ ಹೆದರಿ ಬೆನ್ನು ತೋರಿಸಿ ಓಡಿಹೋದನೆಂದು ರಾಜೇಂದ್ರನ ತಮಿಳು ಶಾಸನಗಳು ಹೇಳುತ್ತವೆ. ಜಯಸಿಂಹನ ಕಡೆಯವರೂ ಸುಮ್ಮನಿರಲಿಲ್ಲ. ರಾಜೇಂದ್ರ ಚೋಳನೆಂಬ ಆನೆಗೆ ತಮ್ಮ ದೊರೆ ಸಿಂಹವೆಂದು 1019ರಷ್ಟು ಹಿಂದೆಯೇ ಬಳ್ಳಿಗಾವಿಯ ಶಾಸನದಲ್ಲಿ ಬರೆಸಿದ್ದರು. 1024ರ ಮಿರಜ್ ತಾಮ್ರಪಟದಲ್ಲಿ, ಚೋಳನನ್ನು ಓಡಿಸಿದವನು ಜಯಸಿಂಹನೇ. ಎರಡೂ ಕಡೆಯವರು ತಮ್ಮನ್ನು ಹೊಗಳಿಕೊಂಡರು, ಎದುರಾಳಿಯನ್ನು ಹಳಿದರು, ಇಬ್ಬರೂ ಅದನ್ನು ಅಳಿಸಲಾಗದಂತೆ ಬರೆದಿಟ್ಟರು.

ರಾಜರಿಗೆ ಕಲ್ಲು, ತಾಮ್ರ ಇದ್ದವು. ಇಂದು ಊರೂರಿನ ಸಾಹಿತ್ಯ ಬಳಗ, ಹವ್ಯಾಸಿ ನಾಟಕ ತಂಡ, ಕ್ರಿಕೆಟ್ ಕ್ಲಬ್‌ಗಳಿಗೆ ಮೊಬೈಲ್ ಇದೆ. ಒಂದು ಸಂಘ ಒಡೆದು ಎರಡಾದಾಗ ಹುಟ್ಟುವ ಆರೋಪಗಳ ಜಾಡು ನಮಗೆ ಹೊಸದಲ್ಲ: ಲೆಕ್ಕ ಕೊಟ್ಟಿಲ್ಲ, ಪ್ರಶಸ್ತಿ ಮಾರಿಕೊಂಡರು, ಅವರದು ನಕಲಿ ಸಂಘ. ಒಂದು ಕಾಲಕ್ಕೆ ಚಹಾದಂಗಡಿಯಲ್ಲಿ ಆಡಿ ಮರೆಯುತ್ತಿದ್ದ ಮಾತು ಈಗ ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ, ವಕೀಲರ ನೋಟಿಸಿಗೆ ಲಗತ್ತಾಗುತ್ತದೆ. ಹಾಗಾದರೆ ಒಬ್ಬ ವ್ಯಕ್ತಿಗೆ ಇರುವಂತೆ ಒಂದು ಸಂಘಕ್ಕೂ ಮಾನ ಎಂಬುದು ಇದೆಯೇ?

ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಬರೆದ ಒಂದು ಗ್ರಂಥ ಉತ್ತರ ಕೊಟ್ಟಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಆಸ್ತಿ ಹಂಚಿಕೆಯ ವಿಷಯದಲ್ಲಿ ಅದು ಪ್ರಸಿದ್ಧ. ಆದರೆ ಅದರಲ್ಲಿ 'ವಾಕ್ಪಾರುಷ್ಯ', ಎಂದರೆ ಮಾತಿನಿಂದ ಮಾಡುವ ಹಿಂಸೆಗೂ ಒಂದು ಪ್ರಕರಣವಿದೆ. ವ್ಯಕ್ತಿಗಳನ್ನಷ್ಟೇ ಅಲ್ಲದೆ ಗುಂಪುಗಳನ್ನು ನಿಂದಿಸಿದರೂ ದಂಡವುಂಟು. ಜಾತಿಯನ್ನೋ 'ಪೂಗ'ವನ್ನೋ ಹಳಿದರೆ ಮಧ್ಯಮ ಸಾಹಸ, ಅಂದರೆ 540 ಪಣ. ಊರನ್ನೋ ದೇಶವನ್ನೋ ಹಳಿದರೆ ಪ್ರಥಮ ಸಾಹಸ, 270 ಪಣ. ಪೂಗವೆಂದರೆ ಏನು? ಬೇರೆ ಬೇರೆ ಜಾತಿ, ಬೇರೆ ಬೇರೆ ವೃತ್ತಿಯವರಾದರೂ ಒಂದೇ ಊರಿನಲ್ಲಿ ನೆಲೆಸಿದವರ ಸಮೂಹ ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ಇಂದಿನ ನಮ್ಮ ಊರ ಸಂಘಗಳಿಗೆ ಇದಕ್ಕಿಂತ ಹತ್ತಿರದ ಹಳೆಯ ಪದ ಸಿಗುವುದು ಕಷ್ಟ.

ಇನ್ನೊಂದು ಸಂಗತಿ ಗಮನಿಸಬೇಕು. ಅಂಗವಿಕಲರನ್ನೂ ರೋಗಿಗಳನ್ನೂ ಹಂಗಿಸಿದವನಿಗೆ ಆಡಿದ ಮಾತು ನಿಜವೆಂಬುದು ರಕ್ಷಣೆಯಾಗದು. ಸುಳ್ಳು ಹೇಳಿದರೂ ದಂಡ, ವ್ಯಂಗ್ಯವಾಗಿ ಹೊಗಳಿದರೂ ದಂಡ. ಇದೇ ಪ್ರಕರಣದಲ್ಲಿ ಬೈದವನ ವರ್ಣ ಯಾವುದು, ಬೈಸಿಕೊಂಡವನ ವರ್ಣ ಯಾವುದು ಎಂಬುದನ್ನು ನೋಡಿ ದಂಡ ಏರುತ್ತದೆ, ಇಳಿಯುತ್ತದೆ. ಅಲ್ಲಿ ಮಾನ ಎಲ್ಲರಿಗೂ ಇತ್ತು, ಸಮನಾಗಿ ಇರಲಿಲ್ಲ. ಈ ಗ್ರಂಥದ ಸೂಕ್ಷ್ಮತೆಯನ್ನು ಮೆಚ್ಚುವಾಗ ಈ ಮಾತನ್ನು ಮರೆಯುವಂತಿಲ್ಲ.

1860ರ ಭಾರತೀಯ ದಂಡ ಸಂಹಿತೆ ವರ್ಣದ ಲೆಕ್ಕವನ್ನು ಕೈಬಿಟ್ಟಿತು. ಅದರ 499ನೆಯ ಕಲಂ ಕಂಪನಿ, ಸಂಘ ಅಥವಾ ಜನರ ಗುಂಪಿನ ಮೇಲೆ ಹೊರಿಸಿದ ಆರೋಪವೂ ಮಾನನಷ್ಟವಾಗಬಹುದು ಎಂದಿತು. ವ್ಯಂಗ್ಯವೂ ಮಾನಹಾನಿಯಾದೀತು ಎಂದು ಅದರ ವಿವರಣೆಯೊಂದು ಹೇಳುತ್ತದೆ. ಈ ಎರಡರಲ್ಲೂ ಕಲ್ಯಾಣದ ಪಂಡಿತ ತಲೆದೂಗುತ್ತಿದ್ದ. ವ್ಯತ್ಯಾಸವಿರುವುದು ಸತ್ಯದ ವಿಷಯದಲ್ಲಿ: ಆರೋಪ ನಿಜವಾಗಿದ್ದು, ಅದನ್ನು ಹೇಳುವುದರಿಂದ ಸಾರ್ವಜನಿಕ ಹಿತವಿದ್ದರೆ ಅದು ಅಪರಾಧವಲ್ಲ. ಬರೀ ನಿಜವಾದರೆ ಸಾಲದು, ಎರಡೂ ಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಇದನ್ನೇ ಮುಂದುವರಿಸಿದೆ. ಎರಡು ವರ್ಷದವರೆಗಿನ ಸಾದಾ ಸೆರೆ ಅಥವಾ ದಂಡದ ಜೊತೆಗೆ ಸಮುದಾಯ ಸೇವೆಯೆಂಬ ಹೊಸ ಶಿಕ್ಷೆಯೂ ಸೇರಿದೆ.

ಅಂತರ್ಜಾಲದ ಮಾತಿಗೆಂದೇ ಇದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆನ್‌ಲೈನ್ ಮಾತಿಗೆ ಇನ್ನು ಅಡ್ಡಿಯಿಲ್ಲವೆಂದು ಹಲವರು ತಿಳಿದರು. ಆದರೆ 2016ರ ಮೇ 13ರಂದು ಅದೇ ನ್ಯಾಯಾಲಯ ಮಾನನಷ್ಟ ಅಪರಾಧವೆಂಬ ಕಾನೂನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಮೊಬೈಲಿನಲ್ಲಿ ಬರೆದದ್ದಕ್ಕೂ ಕಾಗದದಲ್ಲಿ ಅಚ್ಚಾದದ್ದಕ್ಕೂ ಈಗ ಒಂದೇ ಅಳತೆಗೋಲು. ಕ್ರಿಮಿನಲ್ ಪ್ರಕರಣದಲ್ಲಿ ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು. ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಒಂದು ವರ್ಷದೊಳಗೆ ಹೂಡಬೇಕು. ದಾವೆ ಹೂಡುವ ಗಡುವು ಒಂದೇ ವರ್ಷ, ಅದು ಮುಗಿಯಲು ಅಂಥ ಗಡುವಿಲ್ಲ. ಸಣ್ಣ ಸಂಘಗಳಿಗೆ ಪೆಟ್ಟು ಬೀಳುವುದು ಇಲ್ಲೇ. ವರ್ಷಕ್ಕೊಂದು ಕಾರ್ಯಕ್ರಮಕ್ಕೆ ಚಂದಾ ಎತ್ತುವ ಬಳಗ ವಾಯಿದೆಯಿಂದ ವಾಯಿದೆಗೆ ಅಲೆಯುತ್ತದೆ. ತೀರ್ಪು ಬರುವ ಹೊತ್ತಿಗೆ ನಾಟಕ ಆಡುವವರೂ ಕವಿತೆ ಓದುವವರೂ ಚದುರಿಹೋಗಿರುತ್ತಾರೆ. ಗೆದ್ದ ಸಂಘಕ್ಕೆ ಮಾನ ಮರಳಿ ಬರುತ್ತದೆ, ಸಂಘವೇ ಉಳಿದಿರುವುದಿಲ್ಲ.

ಇಲ್ಲಿಯೇ ಮಸ್ಕಿಯ ಇನ್ನೊಂದು ಬರಹ ನೆನಪಾಗುತ್ತದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಇಲ್ಲಿನ ಬಂಡೆಯಲ್ಲಿ 'ದೇವಾನಾಂಪ್ರಿಯ' ಬಿರುದಿನೊಡನೆ ಅಶೋಕನ ಹೆಸರೂ ಇತ್ತು. ಶಾಸನಗಳ ಪ್ರಿಯದರ್ಶಿ ಯಾರೆಂಬ ಸಂದೇಹ ಅದರಿಂದ ಪರಿಹಾರವಾಯಿತು. ಅದೇ ಅಶೋಕನ ಹನ್ನೆರಡನೆಯ ಶಿಲಾಶಾಸನದ ಒಂದು ಪ್ರತಿ ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ 1980ರ ದಶಕದಲ್ಲಿ ಸಿಕ್ಕಿತು. ಪೀಠಕ್ಕಾಗಿ ಕಲ್ಲು ಕೊರೆದದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಬೇರೆ ಕಡೆಯ ಪ್ರತಿಗಳಿಂದ ಅದರ ತಿರುಳು ಸ್ಪಷ್ಟವಾಗಿದೆ: ಮಾತಿನಲ್ಲಿ ಸಂಯಮವಿರಲಿ. ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯಬಾರದು. ಕಾರಣವಿದ್ದಾಗಲೂ ಮೆಲ್ಲಗೆ ಹೇಳಬೇಕು. ತನ್ನವರ ಮೇಲಿನ ಅಭಿಮಾನದಿಂದ ಪರರನ್ನು ಹಳಿಯುವವನು ತನ್ನವರಿಗೇ ಹೆಚ್ಚು ಕೇಡು ಮಾಡುತ್ತಾನೆ.

ಗಮನಿಸಿ, ಅಶೋಕ ಟೀಕೆಯನ್ನು ನಿಷೇಧಿಸಿಲ್ಲ. ಇಷ್ಟು ಪಣ ದಂಡವೆಂದೂ ಹೇಳಿಲ್ಲ. ನಿಂದೆಯಿಂದ ನಿಂದಿಸುವವರ ಗುಂಪಿಗೇ ನಷ್ಟವೆಂದು ತಿಳಿಹೇಳುತ್ತಾನೆ. ಆ ಚಪ್ಪಡಿಯ ಇನ್ನೊಂದು ಮಗ್ಗುಲಲ್ಲಿ ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದ ಶಾಸನವಿದೆ: ಅಸೂಯೆ, ಕೋಪ, ಆತುರ, ಸೋಮಾರಿತನ ಬಿಟ್ಟು ನಿಷ್ಪಕ್ಷಪಾತವಾಗಿರಿ ಎಂದು. ಒಂದು ಮಗ್ಗುಲಲ್ಲಿ ಆಡುವವರಿಗೆ ಬುದ್ಧಿ, ಇನ್ನೊಂದರಲ್ಲಿ ತೀರ್ಮಾನಿಸುವವರಿಗೆ.

ಇವೆರಡರ ನಡುವೆ ಇನ್ನೊಂದು ಮೆಟ್ಟಿಲಿತ್ತೆಂದು 'ಮಿತಾಕ್ಷರಾ'ದಿಂದ ತಿಳಿಯುತ್ತದೆ. ಕುಲ, ಶ್ರೇಣಿ, ಪೂಗಗಳಿಗೆ ತಮ್ಮವರ ವ್ಯಾಜ್ಯ ತೀರಿಸುವ ಅಧಿಕಾರವಿತ್ತು. ಅಲ್ಲಿ ಸಮಾಧಾನವಾಗದಿದ್ದರೆ ಮಾತ್ರ ಮೇಲಿನವರ ಬಳಿ ಹೋಗುವುದು. ಪೂಗಕ್ಕೆ ಮಾನವಷ್ಟೇ ಇರಲಿಲ್ಲ, ನ್ಯಾಯ ಹೇಳುವ ಹೊಣೆಯೂ ಇತ್ತು. ಇಂದಿನ ಸಂಘಗಳ ನಿಯಮಾವಳಿಯಲ್ಲಿ ಅಧ್ಯಕ್ಷರ ಅಧಿಕಾರದ ಬಗ್ಗೆ ಒಂದು ಪುಟವಿದ್ದರೆ, ಜಗಳ ಬಂದಾಗ ಇಬ್ಬರ ಮಾತನ್ನೂ ಕೇಳುವವರು ಯಾರು ಎಂಬುದಕ್ಕೆ ಒಂದು ಸಾಲಾದರೂ ಬೇಕು. ಲೆಕ್ಕದ ಪುಸ್ತಕ ತೆರೆದಿಡುವ ಸಂಘದ ಮೇಲೆ ಲೆಕ್ಕದ ಆರೋಪ ಬಹುಕಾಲ ನಿಲ್ಲುವುದಿಲ್ಲ. ರಾಜೇಂದ್ರ, ಜಯಸಿಂಹರ ಜಂಬವನ್ನು ನಾವು ಇಂದು ಒಂದರ ಪಕ್ಕ ಒಂದಿಟ್ಟು ಓದುತ್ತೇವೆ. ಯಾರ ಮಾತನ್ನೂ ಪೂರ್ತಿ ನಂಬುವುದಿಲ್ಲ.