ಗಳಗಂಡವೂ ಮನೆತನವೂ

ಕೊರಳಿನಲ್ಲಿ ಬಾವು ಕಂಡರೆ ಅದನ್ನು ಗಳಗಂಡವೆನ್ನುವುದು ಹಳೆಯ ರೂಢಿ. ಸುಶ್ರುತಸಂಹಿತೆಯಲ್ಲಿಯೇ ಆ ಹೆಸರುಂಟು. ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರು 1956ರಲ್ಲಿ ಕೈಗೊಂಡ ಅಧ್ಯಯನವು ಅಯೋಡಿನ್ ಬೆರೆತ ಉಪ್ಪಿನ ಗುಣವನ್ನು ಸಾಬೀತುಪಡಿಸಿತು. ಆದರೆ ಉಪ್ಪಿಗೆ ಬಗ್ಗದ ಗಳಗಂಡವೂ ಒಂದುಂಟು.

ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ನಾಲ್ವರು ಹೆಂಗಸರ ಥೈರಾಯ್ಡ್ ಗ್ರಂಥಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಿಳಿಯ ರಕ್ತಕಣಗಳು ದಟ್ಟವಾಗಿ ತುಂಬಿದ್ದುದನ್ನು ವರ್ಣಿಸಿದನು. ಅವು ಅಲ್ಲಿಗೆ ಬಂದುದೇಕೆ? 1956ರಲ್ಲಿ ಲಂಡನ್ನಿನ ರಾಯಿಟ್, ಡೋನಿಯಾಕ್ ಮೊದಲಾದವರು ಇಂಥ ರೋಗಿಗಳ ರಕ್ತದಲ್ಲಿ ಸ್ವಂತ ಗ್ರಂಥಿಯ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳನ್ನು ಕಂಡುಹಿಡಿದರು. ಬೇಲಿಯೇ ಎದ್ದು ಹೊಲ ಮೇಯುವ ಕಥೆಯಿದು!

ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ಉಂಟಷ್ಟೆ. ಹುಡುಗಿಗೆ ಈ ರೋಗವೆಂದೊಡನೆ, 'ಇದು ಯಾರ ಕಡೆಯದು?' ಎಂಬ ಪ್ರಶ್ನೆ ಏಳುತ್ತದೆ. ಬೈಗುಳವೆಲ್ಲ ತಾಯಿಯ ಪಾಲಿಗೆ. ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಈ ರೋಗ ಮನೆತನಗಳಲ್ಲಿ ಮರುಕಳಿಸುತ್ತದೆ; ಎಚ್‌ಎಲ್‌ಎ, ಸಿಟಿಎಲ್‌ಎ-4 ಮುಂತಾದ ಜೀನುಗಳ ನಂಟು ಗೊತ್ತಾಗಿದೆ. ಆದರೆ ಜೀನುಗಳು ಹಲವು, ಒಂದೊಂದರ ಪಾಲು ಅಲ್ಪ. ಅವು ತಂದೆಯಿಂದಲೂ ಬರುತ್ತವೆ. ಒಂದೇ ಅಚ್ಚಿನ ಅವಳಿಗಳಲ್ಲಿಯೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಬಂಧುವಿವಾಹವೊಂದನ್ನೇ ದೂರುವುದೂ ನನಗೆ ಒಪ್ಪಿಗೆಯಿಲ್ಲ.

ನನಗೆ ಕಳವಳ ತರುವುದು ಮುಚ್ಚಿಡುವಿಕೆ. ಸಂಬಂಧ ತಪ್ಪೀತೆಂದು ಹೆತ್ತವರು ಸುಮ್ಮನಿರುತ್ತಾರೆ. ಮದುವೆಯಾದ ಮೇಲೆ ಹುಡುಗಿ ಅತ್ತೆಮನೆಯಲ್ಲಿ ಗುಳಿಗೆ ನುಂಗಲು ಅಂಜುತ್ತಾಳೆ. ಬಸಿರಿನ ಮೊದಲ ತಿಂಗಳುಗಳಲ್ಲಿಯಾದರೋ ಶಿಶುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿನಿಂದಲೇ.